ಗಣಕದ ಗೊಂಬೆಗೆ ಕೇದಗೆ ಮುಂದಲೆ

ಗಾಜನೂರಿನ ತುಂಗಾ ಅಣೆಕಟ್ಟೆ ಕಳೆದು, ತೀರ್ಥಹಳ್ಳಿಯ ದಾರಿ ಹಿಡಿದು ಘಟ್ಟ ಇಳಿದರೆ ಕುಂದಾಪುರದ ಬಳಿ ಉಪ್ಪಿನಕುದ್ರು. ಅಲ್ಲಿನ ಕೊಗ್ಗ ಕಾಮತರ ಮನೆತನದವರು ಆಡಿಸುವ ಯಕ್ಷಗಾನದ ಸೂತ್ರದ ಗೊಂಬೆ ತಲೆಯಾಡಿಸಿದಾಗ ಕಿರೀಟವೂ ಜೊತೆಗೇ ಆಡುತ್ತದೆ, ಜಾರುವುದಿಲ್ಲ.

ಕಂಪ್ಯೂಟರಿನಲ್ಲಿ ಇಂಥ ಗೊಂಬೆಗೆ ಒಡವೆ ತೊಡಿಸುವವರಿಗೂ ಇದೇ ಪಾಠ. ತೆರೆಯ ಮೇಲಿನ ಗೊಂಬೆಯೊಳಗೆ ಕಣ್ಣಿಗೆ ಕಾಣದ ಮೂಳೆಗಳಿರುತ್ತವೆ. ಕಿರೀಟ ಗಟ್ಟಿ ವಸ್ತು. ತಲೆಯ ಮೂಳೆಗೆ ಕಟ್ಟಿದರೆ ಸಾಕು. ಶಲ್ಯ ಹಾಗಲ್ಲ. ಅದರ ಒಂದೊಂದು ಬಿಂದುವೂ ಹೆಗಲಿನ ಮೂಳೆಯನ್ನು ಎಷ್ಟು, ಎದೆಯ ಮೂಳೆಯನ್ನು ಎಷ್ಟು ಅನುಸರಿಸಬೇಕೆಂದು ಗೊತ್ತುಪಡಿಸಬೇಕು. ಒಂದಕ್ಕೆ 0.7, ಇನ್ನೊಂದಕ್ಕೆ 0.3 ಎಂದಿಟ್ಟುಕೊಳ್ಳಿ. ಲೆಕ್ಕ ತಪ್ಪಿತೋ, ಕೈಯೆತ್ತಿದೊಡನೆ ತೋಳು ಬಟ್ಟೆಯನ್ನು ತೂರಿಕೊಂಡು ಹೊರಬರುತ್ತದೆ! ದಶಮಾಂಶ ಯಾತಕ್ಕೆ ಎಂದು ಕೇಳುವ ಹುಡುಗರಿಗೆ ಇದೂ ಒಂದು ಉತ್ತರ.

ಖರ್ಚಿನ ಚಿಂತೆ ಪೋಷಕರಿಗೆ ಬೇಡ. ಈ ಕೆಲಸಕ್ಕೆ ಒದಗುವ ‘ಬ್ಲೆಂಡರ್’ 2002ರಿಂದ ಮುಕ್ತ ತಂತ್ರಾಂಶ, ಕಾಸು ಕೊಡಬೇಕಿಲ್ಲ. ಸಿದ್ಧ ಕಿರೀಟಗಳೂ ದುಡ್ಡಿಗೆ ಸಿಗುತ್ತವೆ, ನಿಜ. ಆದರೆ ಹೊರದೇಶದ ಅರಸನ ಕಿರೀಟ ತಂದಿಟ್ಟರೆ ಬಡಗುತಿಟ್ಟಿನ ಅಭಿಮನ್ಯು ಆಗುವುದಿಲ್ಲ. ಅವನಿಗೆ ಕೇದಗೆ ಮುಂದಲೆಯೇ ಬೇಕು. ಚೌಕಿಯಲ್ಲಿ ಕುಳಿತು ಅದನ್ನು ಕಟ್ಟುವುದನ್ನು ನೋಡಿ, ಅಳತೆ ಬರೆದುಕೊಂಡು ಬಂದ ಮಕ್ಕಳೇ ಅದನ್ನು ಮಾಡಬೇಕು.