ಕ್ಲೇಟನ್‌ನ ಹೀಟರ್, ಊರಿನ ಜಗಲಿ ಲೈಟು, ನಮ್ಮ ಕೈಯ ಮೊಬೈಲು

ಜುಲೈ ತಿಂಗಳಲ್ಲಿ ನಾವಿಲ್ಲಿ ಎಸಿ ಬಿಟ್ಟು ಕದಲುವುದಿಲ್ಲ. ಅದೇ ಹೊತ್ತಿಗೆ ಮೆಲ್ಬರ್ನಿನ ಕ್ಲೇಟನ್‌ನಲ್ಲಿರುವ ನಮ್ಮವರು ಏಳೆಂಟು ಡಿಗ್ರಿಯ ಬೆಳಗಿನ ಚಳಿಗೆ ಹೀಟರ್ ಮುಂದೆ ಕೂತಿರುತ್ತಾರೆ. ಕ್ಲೇಟನ್ ನಗರದ ಮಧ್ಯಭಾಗದಿಂದ ಆಗ್ನೇಯಕ್ಕೆ ಸುಮಾರು 20 ಕಿ.ಮೀ. ದೂರದ ಬಡಾವಣೆ. 1961ರಲ್ಲಿ ಪಾಠ ಶುರುವಾದ ಮೊನಾಶ್ ವಿಶ್ವವಿದ್ಯಾಲಯದ ದೊಡ್ಡ ಕ್ಯಾಂಪಸ್ ಅಲ್ಲಿರುವುದರಿಂದ ಬಾಡಿಗೆ ಮನೆ ಹಂಚಿಕೊಂಡಿರುವ ವಿದ್ಯಾರ್ಥಿಗಳು ಬಹಳ. ನಮ್ಮಲ್ಲಿ ಕೆಲವರ ಮಕ್ಕಳು, ತಮ್ಮ ತಂಗಿಯರು ಅಲ್ಲಿ, ಅಪ್ಪ ಅಮ್ಮ ಊರಲ್ಲಿ, ನಾವಿಲ್ಲಿ. ಹೀಗೆ ಮೂರು ಕಡೆ ಹರಡಿದ ಕುಟುಂಬಗಳಲ್ಲಿ ಈಚೆಗೆ ಎಲ್ಲರ ಬಾಯಲ್ಲೂ ಇರುವ ಮಾತು ಸ್ಮಾರ್ಟ್ ಪ್ಲಗ್.

ವಸ್ತು ಸರಳ. ಗೋಡೆಯ ಸಾಕೆಟ್‌ಗೆ ಇದನ್ನು ಸಿಕ್ಕಿಸಿ, ಇದಕ್ಕೆ ಲ್ಯಾಂಪಿನ ಪ್ಲಗ್ ಸಿಕ್ಕಿಸಿದರಾಯಿತು. ಒಳಗೊಂದು ವೈಫೈ ಚಿಪ್, ಕರೆಂಟನ್ನು ಕೂಡಿಸಿ ಬಿಡಿಸುವ ಒಂದು ರಿಲೇ. ಆಸ್ಟ್ರೇಲಿಯಾದಲ್ಲಿ ಗೋಡೆಯ ಸ್ವಿಚ್ ಬದಲಿಸಲೂ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ನೇ ಬರಬೇಕು. ಬಾಡಿಗೆ ಮನೆಯಾದರೆ ಮಾಲೀಕರ ಒಪ್ಪಿಗೆಯೂ ಬೇಕು. ಕಂಪನಿ ಕೊಟ್ಟ ಕೋಣೆಯಲ್ಲೋ ಬೆಡ್‌ಸ್ಪೇಸಿನಲ್ಲೋ ಇರುವ ನಮ್ಮ ಪಾಡೂ ಅದೇ ತಾನೆ? ಗೋಡೆ ಮುಟ್ಟದೆ ಕೆಲಸವಾಗುತ್ತದೆ, ಮನೆ ಬಿಡುವಾಗ ಕಿತ್ತುಕೊಂಡು ಹೋಗಬಹುದು ಎಂಬುದೇ ಇದರ ದೊಡ್ಡ ಆಕರ್ಷಣೆ. ಸೀಲಿಂಗ್ ಲೈಟಿಗೆ ಮಾತ್ರ ಇದು ಆಗುವುದಿಲ್ಲ, ಅದಕ್ಕೆ ಸ್ಮಾರ್ಟ್ ಬಲ್ಬೇ ಬೇಕು.

ಲ್ಯಾಂಪಿನ ತನಕ ಯಾವ ತೊಂದರೆಯೂ ಇಲ್ಲ. ಭಯವಿರುವುದು ಹೀಟರಿನಲ್ಲಿ. ಕ್ಲೇಟನ್ ಸ್ಟೇಷನ್ನಿನಲ್ಲಿ ರೈಲು ಇಳಿಯುವ ಮೊದಲೇ ಮೊಬೈಲಿನಲ್ಲಿ ಹೀಟರ್ ಹಾಕಿದರೆ ಮನೆ ತಲುಪುವಾಗ ಕೋಣೆ ಬೆಚ್ಚಗಿರುತ್ತದೆ ಎಂದು ಮಕ್ಕಳಿಗೆ ಅನ್ನಿಸುವುದು ಸಹಜ. ಆದರೆ ಚಳಿಗಾಲದಲ್ಲಿ ಅಲ್ಲಿ ಬಟ್ಟೆ ಒಣಗುವುದಿಲ್ಲ, ಒಣಹಾಕುವ ಸ್ಟ್ಯಾಂಡನ್ನು ಹೀಟರಿನ ಮುಂದೆ ಎಳೆದಿಡುವ ಅಭ್ಯಾಸ ಅನೇಕರಿಗಿದೆ. ಬೆಳಿಗ್ಗೆ ಇಟ್ಟ ಸ್ಟ್ಯಾಂಡ್, ಜಾರಿ ಬಿದ್ದ ಟವೆಲ್, ರೂಮ್‌ಮೇಟ್ ಸರಿಸಿದ ಹಾಸಿಗೆ ಇವೊಂದೂ ಪ್ಲಗ್ಗಿಗೆ ಕಾಣುವುದಿಲ್ಲ. ಹೀಟರಿನಿಂದ ಎಲ್ಲವೂ ಒಂದು ಮೀಟರ್ ದೂರವಿರಲಿ, ಅದರ ಪ್ಲಗ್ ನೇರ ಗೋಡೆಯ ಸಾಕೆಟ್ಟಿಗೇ ಇರಲಿ ಎಂದು ಅಲ್ಲಿನ ಅಗ್ನಿಶಾಮಕ ದಳದವರು ಹೇಳುವುದು ಇದಕ್ಕೇ.

ಲೆಕ್ಕವೂ ನೋಡಿ. ವ್ಯಾಟನ್ನು 230ರಿಂದ ಭಾಗಿಸಿದರೆ ಆಂಪಿಯರ್ ಸಿಗುತ್ತದೆ. 2400 ವ್ಯಾಟಿನ ಹೀಟರ್ 10 ಆಂಪಿಯರಿಗೂ ತುಸು ಹೆಚ್ಚು ಎಳೆಯುತ್ತದೆ; ಅಲ್ಲಿ ಸಿಗುವ ಸಾಮಾನ್ಯ ಸ್ಮಾರ್ಟ್ ಪ್ಲಗ್ಗಿನ ಮಿತಿಯೇ 10. ಗಂಟೆಗಟ್ಟಲೆ ಹಾಗೆ ಓಡಿದರೆ ಪ್ಲಗ್ ಬಿಸಿಯಾಗುತ್ತದೆ, ಕೆಲವೊಮ್ಮೆ ರಿಲೇಯ ಒಳಗಿನ ಲೋಹ ಒಂದಕ್ಕೊಂದು ಬೆಸೆದುಕೊಳ್ಳುತ್ತದೆ. ಆಗ ಮೊಬೈಲಿನಲ್ಲಿ 'ಆಫ್' ಎಂದು ತೋರಿಸಿದರೂ ಹೀಟರ್ ಉರಿಯುತ್ತಲೇ ಇರುತ್ತದೆ. ನಮ್ಮ ಸಲಹೆ ಒಂದೇ: ಲೈಟು, ಫ್ಯಾನು ಸರಿ, ಹೀಟರ್, ಇಸ್ತ್ರಿ ಪೆಟ್ಟಿಗೆ, ಕೆಟಲ್ ಬೇಡ.

ಖರ್ಚು ಉಳಿಯುತ್ತದೆಯೇ ಎಂದು ಕೇಳುವವರುಂಟು. ವಿಕ್ಟೋರಿಯಾ ರಾಜ್ಯದಲ್ಲಿ ಹೊತ್ತಿಗೊಂದು ದರದ ಯೋಜನೆಗಳಿವೆ. ಹಲವದರಲ್ಲಿ ಮಧ್ಯಾಹ್ನ 3ರಿಂದ ರಾತ್ರಿ 9ರ ತನಕ ದುಬಾರಿ. ಯೂನಿಟ್ ತೋರಿಸುವ ಪ್ಲಗ್ ಇದ್ದರೆ ಯಾರ ಕೋಣೆಯ ಯಾವ ವಸ್ತು ಎಷ್ಟು ತಿನ್ನುತ್ತಿದೆ ಎಂದು ತಿಳಿದು ಬಿಲ್ಲಿನ ಜಗಳ ತಪ್ಪೀತು. ಆದರೆ ಪ್ಲಗ್ಗೂ ಸದಾ ಒಂದು ವ್ಯಾಟಿನಷ್ಟು ಎಳೆಯುತ್ತದೆ, ಎಂದರೆ ವರ್ಷಕ್ಕೆ ಎಂಟೂವರೆ ಯೂನಿಟ್ಟಿಗೂ ಮಿಕ್ಕಿ. ಮೊಬೈಲ್ ಚಾರ್ಜರಿಗೆ ಇದನ್ನು ಹಾಕುವುದು ನಷ್ಟದ ವ್ಯಾಪಾರ.

ಇನ್ನು ಊರಿನ ಮನೆ. ಸಂಜೆ ಜಗಲಿಯ ಲೈಟು ತಾನೇ ಹೊತ್ತಿಕೊಂಡರೆ ಅಮ್ಮ ಕತ್ತಲೆಯಲ್ಲಿ ಸ್ವಿಚ್ ತಡಕುವುದು ತಪ್ಪುತ್ತದೆ, ಇದು ನಿಜವಾದ ಉಪಕಾರ. ಆದರೆ ನೀರು ಕಾಯಿಸುವ ರಾಡನ್ನು ಅಬುಧಾಬಿಯಿಂದ ಹಾಕುವ ಯೋಚನೆ ಯಾರಿಗೂ ಬರದಿರಲಿ! ಬಕೆಟ್ಟಿನಲ್ಲಿ ನೀರಿದೆಯೋ, ಯಾರಾದರೂ ಕೈ ಹಾಕಿದ್ದಾರೋ ನಮಗೆ ಹೇಗೆ ಗೊತ್ತು? ಬಾವಿಯ ಮೋಟಾರೂ ಬೇಡ, ಶುರುವಾಗುವ ಕ್ಷಣ ಅದು ಹಲವು ಪಟ್ಟು ಕರೆಂಟು ಎಳೆಯುತ್ತದೆ. ಊರಲ್ಲಿ ಕರೆಂಟು ಹೋಗಿ ಬರುವುದು ಇದ್ದದ್ದೇ. ಬಂದಾಗ ಪ್ಲಗ್ 'ಆಫ್' ಆಗಿಯೇ ಉಳಿಯುವಂತೆ ಆ್ಯಪ್‌ನಲ್ಲಿ ಮೊದಲೇ ಹೊಂದಿಸಿಡಿ. ವೈಫೈ ರೂಟರನ್ನು ಮಾತ್ರ ಇದಕ್ಕೆ ಸಿಕ್ಕಿಸಬೇಡಿ. ಇಲ್ಲಿಂದ ಆರಿಸಿದಿರೋ, ಮತ್ತೆ ಹೊತ್ತಿಸಲು ನೆಟ್ಟೇ ಇರುವುದಿಲ್ಲ.

ರಜೆಗೆ ಹೋಗುವಾಗ ಇಲ್ಲಿಂದ ನಾಲ್ಕು ಪ್ಲಗ್ ಕೊಂಡುಹೋಗುವ ಆಸೆಯನ್ನೂ ಬಿಡಬೇಕು. ಯುಎಇಯಲ್ಲಿ ಚೌಕ ಪಿನ್, ಊರಲ್ಲಿ ಗುಂಡು ಪಿನ್, ಮೆಲ್ಬರ್ನಿನಲ್ಲಿ ಓರೆಯಾದ ಚಪ್ಪಟೆ ಪಿನ್. ಅಡಾಪ್ಟರ್ ಮೇಲೆ ಅಡಾಪ್ಟರ್ ಸೇರಿಸಿದಷ್ಟೂ ಸಡಿಲ, ಸಡಿಲವಾದಲ್ಲೇ ಬಿಸಿ. ಆಸ್ಟ್ರೇಲಿಯಾದಲ್ಲಿ ಆರ್‌ಸಿಎಂ ಗುರುತು, ಇಲ್ಲಿ ಜಿ ಗುರುತು ನೋಡಿ, ಬಳಸುವ ದೇಶದಲ್ಲೇ ಕೊಳ್ಳುವುದು ಒಳ್ಳೆಯದು. ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗಷ್ಟೇ ಸೇರುತ್ತವೆ. ಟೈಮರ್ ಇಡುವಾಗ ಪ್ಲಗ್ ಇರುವ ಊರಿನ ಸಮಯವನ್ನೇ ಆರಿಸಿ. ಜುಲೈಯಲ್ಲಿ ಮೆಲ್ಬರ್ನ್ ದುಬೈಗಿಂತ 6 ಗಂಟೆ, ನಮ್ಮ ಊರಿಗಿಂತ ನಾಲ್ಕೂವರೆ ಗಂಟೆ ಮುಂದೆ.

ಮತ್ತೆ, ಆ್ಯಪ್‌ನಲ್ಲಿ 'ಆಫ್‌ಲೈನ್' ಎಂದು ಬಂದ ಕೂಡಲೇ ಗಾಬರಿಯಾಗಬೇಡಿ. ಅಮ್ಮ ಮಲಗುವ ಮುಂಚೆ ಹಳೆಯ ಅಭ್ಯಾಸದಂತೆ ಗೋಡೆಯ ಸ್ವಿಚ್ಚನ್ನೇ ಆರಿಸಿರಬಹುದು. ಒಂದು ಫೋನ್ ಮಾಡಿ ಕೇಳಿ.