ಸದ್ದಿಗೆ ಸದ್ದೇ ಮದ್ದೇ?

ಕೊಳ್ಳೇಗಾಲ, ಹನೂರು, ಯಳಂದೂರು ರೇಷ್ಮೆಯ ಸೀಮೆ. ಕೊಳ್ಳೇಗಾಲದ ರೇಷ್ಮೆ ಸೀರೆಗೆ ದೊಡ್ಡ ಹೆಸರು. ಆದರೆ ಕರೆಂಟ್ ಮಗ್ಗ ಓಡುವ ಮನೇಲಿ ದಿನವೆಲ್ಲಾ ಸದ್ದು. ಸದ್ದನ್ನು ಸದ್ದಿನಿಂದಲೇ ಅಡಗಿಸಬಹುದಂತೆ! ಹೇಗೆ?

ಸದ್ದು ಅಂದರೆ ಗಾಳಿಯ ಅಲೆ. ಕೆರೆಯಲ್ಲಿ ಒಂದು ಅಲೆ ಏಳುವ ಕಡೆ ಇನ್ನೊಂದು ಅಲೆ ಅಷ್ಟೇ ಇಳಿದರೆ ನೀರು ಸಮ ಆಗುತ್ತದೆ. ಸದ್ದೂ ಹಾಗೇ. ಮೈಕು ಸದ್ದನ್ನು ಹಿಡಿಯುತ್ತದೆ. ಯಂತ್ರ ಅದಕ್ಕೆ ಎದುರಾದ ಅಲೆ ಮಾಡಿ ಸ್ಪೀಕರಿನಿಂದ ಬಿಡುತ್ತದೆ. ಎರಡೂ ಸೇರಿದಾಗ ಸದ್ದು ತಗ್ಗುತ್ತದೆ. ಈ ಉಪಾಯಕ್ಕೆ ಜರ್ಮನಿಯ ಪಾಲ್ ಲ್ಯೂಗ್ ಎಂಬುವರು 1936ರಲ್ಲೇ ಅಮೆರಿಕದ ಹಕ್ಕುಪತ್ರ ಪಡೆದರು.

ಮಗ್ಗದ ಮನೆಗೆ ಇದು ಆದೀತೇ? ಕಷ್ಟ. ಸದ್ದು ನಾಲ್ಕು ಗೋಡೆಗೂ ಬಡಿದು ಬರುತ್ತದೆ. ಒಬ್ಬರು ಕೂತ ಕಡೆ ತಗ್ಗಿದರೆ ಪಕ್ಕದಲ್ಲಿ ಹೆಚ್ಚಬಹುದು. ಒಂದೇ ಸಮ 'ಗುಂಯ್' ಅನ್ನೋ ಸದ್ದಿಗೆ ಇದು ಒಗ್ಗುತ್ತದೆ. ಮಗ್ಗದ 'ಟಕಟಕ'ಕ್ಕೆ ಅಷ್ಟು ಒಗ್ಗದು.

ಹಾಗಾದರೆ ನಮ್ಮ ಕಿವಿ? ಕೈಯಳತೆ ದೂರದವರ ಜೊತೆ ಕೂಗಿ ಮಾತಾಡಬೇಕೇ? ಹಾಗಿದ್ದರೆ ಆ ಸದ್ದು ಕಿವಿಗೆ ಕೇಡು. ವರ್ಷಗಟ್ಟಲೆ ಸದ್ದಿನಲ್ಲಿದ್ದು ಮಂದವಾದ ಕಿವಿ ಮತ್ತೆ ಸರಿಹೋಗದು. ಬರೀ ಹತ್ತಿ ಸಾಲದು. ಕಿವಿಗೆ ಹಾಕುವ ಬಿರಡೆ ಕೇಳಿ ಪಡೆಯೋಣ. ಆಗಾಗ ಹೊರಗೆ ಬಂದು ಕಿವಿಗೆ ಬಿಡುವು ಕೊಡೋಣ. ಮಗುವಿನ ತೊಟ್ಟಿಲು ಮಗ್ಗದ ಹತ್ತಿರ ಬೇಡ.