ಒಳ್ಳೆಯ ಮಾತು ಯಾವಾಗ ಕೆಲಸಕ್ಕೆ ಬರುತ್ತದೆ?

ಬೆಳಗಾಗುವುದಕ್ಕೆ ಮುಂಚೆಯೇ ಮೊಬೈಲು ಮಿಣುಕಲು ಶುರುಮಾಡುತ್ತದೆ. ಸೂರ್ಯೋದಯದ ಚಿತ್ರ, ಅದರ ಮೇಲೆ ಎರಡು ಸಾಲಿನ ಹಿತವಚನ, ಕೆಳಗೆ ಶುಭೋದಯ. ಮನೆಮಂದಿಯ ಗುಂಪಿನಲ್ಲಿ, ಹಳೆಯ ಸಹಪಾಠಿಗಳ ಗುಂಪಿನಲ್ಲಿ, ಓಣಿಯ ಗುಂಪಿನಲ್ಲಿ ಅದೇ ಮಾತು ಮೂರು ಸಲ ಬರುವುದೂ ಉಂಟು. 1943ರಲ್ಲಿ ಡಿ.ವಿ. ಗುಂಡಪ್ಪನವರು ಪ್ರಕಟಿಸಿದ ಮಂಕುತಿಮ್ಮನ ಕಗ್ಗದ ಪದ್ಯಗಳು ಕೂಡ ಈಗ ದಿನಕ್ಕೊಂದರಂತೆ ಹೀಗೇ ಹಂಚಿಕೆಯಾಗುತ್ತವೆ. ಅದರ ಆರಂಭದ ಪದ್ಯಗಳಲ್ಲಿ ತುಂಬಿರುವುದು ಸಮಾಧಾನಕ್ಕಿಂತ ಹೆಚ್ಚಾಗಿ ಪ್ರಶ್ನೆಗಳು ಎಂಬುದು ಹಂಚುವವರಿಗೆ ನೆನಪಿರುವುದು ಕಡಿಮೆ. ಈ ಮಾತುಗಳನ್ನು ಹಗುರವಾಗಿ ಕಾಣಬೇಕಿಲ್ಲ. ಒಂಟಿಯಾಗಿರುವ ಹಿರಿಯರಿಗೆ, ಕೆಲಸ ಕಳೆದುಕೊಂಡ ಯುವಕನಿಗೆ ಯಾರೋ ನೆನೆಸಿಕೊಂಡರು ಎನ್ನುವುದೇ ದೊಡ್ಡದು. ಆದರೆ ಇವು ನಮ್ಮನ್ನು ವಿವೇಕಿಗಳನ್ನಾಗಿ ಮಾಡುತ್ತವೆಯೇ, ಸಾಲದ ಕಾಗದಕ್ಕೆ ಸಹಿ ಹಾಕುವಾಗ, ವೈದ್ಯರ ಹತ್ತಿರ ಹೋಗುವುದನ್ನು ಮತ್ತೊಂದು ತಿಂಗಳು ಮುಂದೂಡುವಾಗ ಕೈ ಹಿಡಿಯುತ್ತವೆಯೇ? ಒಂದು ನಿರ್ದಿಷ್ಟ ಕೆಲಸಕ್ಕೆ, ಒಂದು ಹೊತ್ತಿಗೆ, ಮತ್ತೆ ಬಂದು ವಿಚಾರಿಸುವ ಒಬ್ಬ ಮನುಷ್ಯನಿಗೆ ಕಟ್ಟಿಕೊಂಡಾಗ ಮಾತ್ರ ಧೈರ್ಯದ ಮಾತು ನಮ್ಮ ನಡೆಯನ್ನು ಬದಲಿಸುತ್ತದೆ ಎಂಬುದು ನನ್ನ ವಾದ. ಜೊತೆಗೆ, ದೊಡ್ಡ ತೀರ್ಮಾನಗಳನ್ನು ಕೈ ಬಿಗಿಯಾಗುವುದಕ್ಕೆ ಮುಂಚೆಯೇ ಮಾಡಿ ಮುಗಿಸಬೇಕು.

ಹುರುಪಿನಲ್ಲೂ ಎರಡು ಬಗೆಯಿದೆ. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಓಟಿಂಗನ್ 1991ರಲ್ಲಿ ಥಾಮಸ್ ವಾಡನ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ, ತೂಕ ಇಳಿಸಿಕೊಳ್ಳಲು ಸೇರಿದ್ದ 25 ಮಹಿಳೆಯರನ್ನು ಒಂದು ವರ್ಷ ಗಮನಿಸಲಾಯಿತು. ಇಳಿಸಬಲ್ಲೆ ಎಂಬ ನಿರೀಕ್ಷೆ ಗಟ್ಟಿಯಾಗಿದ್ದವರು ಹೆಚ್ಚು ಇಳಿಸಿಕೊಂಡರು. ಆದರೆ ತೆಳ್ಳಗಾದ ಮೇಲಿನ ದಿನಗಳ ಸವಿಗನಸು ಕಾಣುತ್ತಿದ್ದವರು ಉಳಿದವರಿಗಿಂತ ಸುಮಾರು 11 ಕಿಲೋ ಕಡಿಮೆ ಇಳಿಸಿದ್ದರು. ಇಷ್ಟು ಚಿಕ್ಕ ಗುಂಪಿನಿಂದ ಲೋಕಕ್ಕೆಲ್ಲ ನಿಯಮ ಬರೆಯಲಾಗದು, ನಿಜ. ಆದರೂ ಅದು ತೋರಿಸಿದ ಭೇದ ಮುಖ್ಯವಾದದ್ದು. ಹಿಂದೆ ಮಾಡಿದ ಕೆಲಸದ ಆಧಾರದ ಮೇಲೆ ಹುಟ್ಟುವ ನಂಬಿಕೆ ಬೇರೆ, ಆಗಲೇ ಗೆದ್ದುಬಿಟ್ಟಂತೆ ಅನುಭವಿಸುವ ಕನಸು ಬೇರೆ. ಕನಸು ಗೆಲುವಿನ ಸುಖವನ್ನು ಮುಂಗಡವಾಗಿಯೇ ಕೊಟ್ಟು ಕೈಗೆ ಕೆಲಸವಿಲ್ಲದಂತೆ ಮಾಡುತ್ತದೆ. ಮುಂಜಾನೆಯ ನುಡಿಗಳಲ್ಲಿ ಹೆಚ್ಚಿನವು ಕೊಡುವುದು ಈ ಎರಡನೆಯದನ್ನು.

ಹಾಗಾದರೆ ಮಾತು ಹೇಗಿರಬೇಕು? ಅಮೆರಿಕದ ಒಂದು ಕಂಪನಿಯ ನೌಕರರಿಗೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವಂತೆ ಪತ್ರ ಕಳಿಸಿದ ಪ್ರಯೋಗವೊಂದರ ಫಲಿತಾಂಶವನ್ನು ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದರು. ಲಸಿಕೆ ಎಲ್ಲಿ, ಯಾವಾಗ ಸಿಗುತ್ತದೆ ಎಂದಷ್ಟೇ ತಿಳಿಸಿದ್ದ ಪತ್ರ ಪಡೆದವರಲ್ಲಿ ಶೇ 33ರಷ್ಟು ಮಂದಿ ಹಾಕಿಸಿಕೊಂಡರು. ಯಾವ ದಿನ, ಎಷ್ಟು ಗಂಟೆಗೆ ಹೋಗುತ್ತೀರಿ ಎಂದು ನೀವೇ ಬರೆದುಕೊಳ್ಳಿ ಎಂದು ಖಾಲಿ ಜಾಗ ಬಿಟ್ಟಿದ್ದ ಪತ್ರ ಪಡೆದವರಲ್ಲಿ ಈ ಪ್ರಮಾಣ ಶೇ 37 ದಾಟಿತು. ದಿನವನ್ನು ಮಾತ್ರ ಕೇಳಿದ್ದ ಪತ್ರದಿಂದ ಹೇಳಿಕೊಳ್ಳುವಂಥ ಲಾಭವಾಗಲಿಲ್ಲ. ಕಾಗದದ ಮೇಲಿನ ಒಂದು ಖಾಲಿ ಗೆರೆ, ಅದರಲ್ಲಿ ತುಂಬಬೇಕಾದ ಗಂಟೆ, ಇಷ್ಟೇ ವ್ಯತ್ಯಾಸ. ನೂರರಲ್ಲಿ ನಾಲ್ಕು ಮಂದಿ ಎಂದರೆ ಪವಾಡವೇನಲ್ಲ, ಆದರೆ ಆ ನಾಲ್ವರಿಗೆ ಯಾರೂ ಉಪದೇಶ ಮಾಡಿರಲಿಲ್ಲ.

ವಿವೇಕ ಕೆಲವರ ಹುಟ್ಟುಗುಣ, ಉಳಿದವರಿಗೆ ಎಷ್ಟು ಹೇಳಿದರೂ ಅಷ್ಟೆ ಎನ್ನುವವರಿಗೆ ಉತ್ತರ ನಮ್ಮ ನೆರೆಯ ತಮಿಳುನಾಡಿನ ಕಬ್ಬಿನ ಗದ್ದೆಗಳಲ್ಲಿದೆ. ಸೆಂಧಿಲ್ ಮುಲ್ಲೈನಾಥನ್, ಆನಂದಿ ಮಣಿ, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಅವರು 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುಂಚೆ ಒಮ್ಮೆ, ಕಟಾವಾದ ಮೇಲೆ ಒಮ್ಮೆ ಪರೀಕ್ಷಿಸಿ 2013ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಫಲಿತಾಂಶ ಬರೆದರು. ಕಬ್ಬನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿತ್ತು. ಮಂಡ್ಯದ ಕಡೆಯವರಿಗೆ ಗೊತ್ತಿರುವಂತೆ, ಕಾರ್ಖಾನೆಗೆ ಕಬ್ಬು ಹೋಗುವುದು ಸರದಿಯ ಪ್ರಕಾರ. ಹೀಗಾಗಿ ಒಂದೇ ತಿಂಗಳಲ್ಲಿ ಒಬ್ಬನ ಕೈಯಲ್ಲಿ ದುಡ್ಡಿರುತ್ತದೆ, ಪಕ್ಕದ ಗದ್ದೆಯವನ ಕೈ ಖಾಲಿಯಿರುತ್ತದೆ. ಫಲಿತಾಂಶದ ಏರುಪೇರನ್ನು ಬಿಸಿಲು, ಮಳೆ, ಹಬ್ಬಗಳ ತಲೆಗೆ ಕಟ್ಟುವಂತಿಲ್ಲ. ಚಿತ್ರಗಳ ಸಾಲಿನಲ್ಲಿ ಮುಂದೆ ಬರಬೇಕಾದದ್ದನ್ನು ಗುರುತಿಸುವ ಪರೀಕ್ಷೆಯಲ್ಲಿ, ಅದೇ ರೈತರು ಕೈಗೆ ದುಡ್ಡು ಬಂದ ಮೇಲೆ ಎದ್ದು ಕಾಣುವಷ್ಟು ಚೆನ್ನಾಗಿ ಮಾಡಿದರು. ಮನುಷ್ಯ ಅವನೇ, ಬುದ್ಧಿ ಅದೇ, ಬದಲಾಗಿದ್ದು ಕೈಯ ಬಿಗಿ. ಇದಕ್ಕೆ ಆಕ್ಷೇಪಗಳೂ ಇವೆ. ಅಮೆರಿಕದಲ್ಲಿ ಸಂಬಳದ ದಿನದ ಹಿಂದೆಮುಂದೆ ನಡೆಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಬುದ್ಧಿಯ ಪರೀಕ್ಷೆಗಳಲ್ಲಿ ಅಂಥ ಅಂತರ ಕಾಣಲಿಲ್ಲ. ಆದರೆ ಸಂಬಳಕ್ಕೆ ಮುಂಚೆ ಜನ, ನಾಳೆ ಬರುವ ಹೆಚ್ಚಿನ ಹಣಕ್ಕಿಂತ ಇಂದಿನ ಹಣದ ಕಡೆ ವಾಲುವುದನ್ನು ಅದೂ ಕಂಡಿತು. ವರ್ಷಕ್ಕೊಮ್ಮೆ ಹಣ ಕಾಣುವ ರೈತನ ಕೊನೆಯ ತಿಂಗಳೂ ಸಂಬಳದಾರನ ತಿಂಗಳ ಕೊನೆಯ ವಾರವೂ ಒಂದೇ ತೂಕದವಲ್ಲ ಎಂದೇ ನನ್ನ ಅನಿಸಿಕೆ. ಹೇಗೆ ನೋಡಿದರೂ, ಇಕ್ಕಟ್ಟಿನಲ್ಲಿ ಇರುವವನಿಗೆ ಬುದ್ಧಿ ಹೇಳುವುದಕ್ಕಿಂತ ಅವನ ತೀರ್ಮಾನವನ್ನು ಇಕ್ಕಟ್ಟಿನಿಂದ ಆಚೆಗೆ ಸರಿಸುವುದು ಮೇಲು.

ಈ ಕೆಲಸವನ್ನು ಕರ್ನಾಟಕದ ಹಳ್ಳಿಗಳು ಪ್ರಯೋಗಶಾಲೆಗಳಿಗಿಂತ ಮೊದಲೇ ಕಲಿತಿದ್ದವು. 1980ರ ದಶಕದ ನಡುವೆ ಮೈರಾಡ ಸಂಸ್ಥೆ ಕಟ್ಟಿದ ದೊಡ್ಡ ಸಹಕಾರ ಸಂಘಗಳು ಕೆಲವೆಡೆ ಮುರಿದುಬಿದ್ದಾಗ, ಒಬ್ಬರನ್ನೊಬ್ಬರು ನಂಬುವ ಜನ ಚಿಕ್ಕ ಗುಂಪುಗಳಾಗಿ ಕೂತು ತಾವೇ ಉಳಿತಾಯ, ಸಾಲ ನಡೆಸಿಕೊಳ್ಳಲು ಮುಂದಾದರು. 1987ರಲ್ಲಿ ನಬಾರ್ಡ್ ಅವಕ್ಕೆ ನೆರವು ಕೊಟ್ಟಿತು, 1992ರಲ್ಲಿ ಸ್ವಸಹಾಯ ಗುಂಪುಗಳನ್ನು ಬ್ಯಾಂಕಿಗೆ ಜೋಡಿಸುವ ಯೋಜನೆ ದೇಶದಲ್ಲಿ ಶುರುವಾಯಿತು. ಈಗ ಸಂಘ ಎಂದರೆ ಸಾಕು, ಯಾವ ಊರಿನಲ್ಲೂ ಅರ್ಥವಾಗುತ್ತದೆ. ಅದರ ವಾರದ ಸಭೆಯನ್ನು ಹತ್ತಿರದಿಂದ ನೋಡಬೇಕು. ಚಾಪೆಯ ಮೇಲೆ ಹದಿನೈದಿಪ್ಪತ್ತು ಹೆಂಗಸರು ಸುತ್ತ ಕೂರುತ್ತಾರೆ. ಹಾಜರಿ ಆದ ಮೇಲೆ ಉಳಿತಾಯದ ದುಡ್ಡು ಎಲ್ಲರ ಕಣ್ಣೆದುರು ಎಣಿಕೆಯಾಗಿ ಪಾಸ್‌ಪುಸ್ತಕಕ್ಕೆ ಏರುತ್ತದೆ. ಸಾಲ ಬೇಕೆಂದವಳು ಎದ್ದು ಯಾತಕ್ಕೆ ಎಂದು ಹೇಳಬೇಕು. ಹಸುವಿಗೆ ಎಂದರೆ, ಮೇವು ಎಲ್ಲಿಂದ, ಹಾಲು ಯಾವ ಡೇರಿಗೆ, ಹಿಂದಿನ ಕಂತು ಬಾಕಿಯಿದೆಯಲ್ಲ ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಕೊನೆಗೆ ಅದು ನಡಾವಳಿ ಪುಸ್ತಕಕ್ಕೆ ಹೋಗುತ್ತದೆ. ಯೋಚನೆಗೆ ಒಂದು ವಾರದ ಬಿಡುವು, ಪ್ರಶ್ನೆ ಕೇಳುವ ಬಾಯಿಗಳು, ಬರೆದಿಟ್ಟ ಮಾತು, ಮುಂದಿನ ವಾರ ಏನಾಯ್ತು ಎಂದು ವಿಚಾರಿಸುವ ಅದೇ ಮುಖಗಳು, ಇವೆಲ್ಲ ಒಂದೇ ಚಾಪೆಯ ಮೇಲೆ ಸಿಗುತ್ತವೆ. ಮೂರು ವರ್ಷ ಕಂತು ತಪ್ಪಿಸದವಳಿಗೆ ನಿನ್ನ ಕೈಲಾಗುತ್ತೆ ಕಣೇ ಎಂದು ಪಕ್ಕದವಳು ಹೇಳಿದರೆ, ಆ ಮಾತಿನ ಹಿಂದೆ ಪಾಸ್‌ಪುಸ್ತಕವೇ ಸಾಕ್ಷಿಯಾಗಿ ನಿಂತಿರುತ್ತದೆ.

ಗುಂಪಿನ ಒತ್ತಡ ಕ್ರೂರವೂ ಆಗಬಹುದಲ್ಲ ಎಂಬ ಆಕ್ಷೇಪ ಗಂಭೀರವಾದದ್ದು, ಅದನ್ನು ತೇಲಿಸಿಬಿಡುವಂತಿಲ್ಲ. ಕಿರುಸಾಲ ವಸೂಲಿಯ ಕಿರುಕುಳ ತಾಳಲಾಗದೆ ಜನ ಮನೆಗೆ ಬೀಗ ಹಾಕಿ ಊರು ಬಿಟ್ಟ ಸುದ್ದಿಗಳು ಬಂದು, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಅಲ್ಲೂ ಗುಂಪುಗಳಿದ್ದವು, ಅಲ್ಲೂ ವಾರದ ಕಂತು ಇತ್ತು. ಆದರೆ ಅಲ್ಲಿ ಗುಂಪನ್ನು ಸೇರಿಸುವುದು ಒಬ್ಬರಿಗೊಬ್ಬರು ಜಾಮೀನು ನಿಲ್ಲಲಿ ಎಂದು, ಎಷ್ಟು ಕೊಡಬೇಕು ಎಂಬ ತೀರ್ಮಾನ ಹೊರಗಿನವರದು. ಸಾಲ ಬೇಡ ಎಂದು ಹೇಳುವ ಅಧಿಕಾರ ಆ ಗುಂಪಿಗಿಲ್ಲ. ತಮ್ಮದೇ ಉಳಿತಾಯದ ಮೇಲೆ ಕೂತ ಸಂಘಕ್ಕೆ ಆ ಅಧಿಕಾರವಿದೆ, ಅದನ್ನು ಬಳಸಿದಷ್ಟು ಕಾಲ ಅದು ಸದಸ್ಯರನ್ನು ಕಾಯುತ್ತದೆ. ಸಭೆ ಹೆಸರಿಗಷ್ಟೇ ನಡೆದು, ನಡಾವಳಿಯನ್ನು ಯಾರೋ ಒಬ್ಬರು ಮನೆಯಲ್ಲಿ ಕೂತು ಬರೆಯತೊಡಗಿದ ದಿನ ಆ ಕಾವಲು ಹೋಗುತ್ತದೆ. ಬೇಸರದ ಸಂಗತಿಯೆಂದರೆ ಎಷ್ಟೋ ಕಡೆ ಅದು ಹೋಗಿಯೂ ಆಗಿದೆ.

ಮೊಬೈಲಿನ ಸಂದೇಶಗಳೇ ವ್ಯರ್ಥ ಎಂದೇನೂ ನಾನು ಹೇಳುತ್ತಿಲ್ಲ. ಬೊಲಿವಿಯ, ಪೆರು, ಫಿಲಿಪ್ಪೀನ್ಸ್‌ಗಳ ಬ್ಯಾಂಕ್ ಗ್ರಾಹಕರಿಗೆ ನೆನಪೋಲೆ ಕಳಿಸಿದ ಪ್ರಯೋಗಗಳಲ್ಲಿ ಉಳಿತಾಯ ಶೇ 6ರಷ್ಟು ಏರಿತ್ತು. ಆದರೆ ಅವು ಗ್ರಾಹಕರು ತಾವೇ ತೊಟ್ಟ ಉಳಿತಾಯದ ನಿರ್ಧಾರವನ್ನು ನೆನಪಿಸಿದ ಸಂದೇಶಗಳು, ಊರಿಗೆಲ್ಲ ಹಂಚಿದ ಸೂರ್ಯೋದಯವಲ್ಲ. ಅಮ್ಮನ ಮಂಡಿನೋವಿನ ಬಗ್ಗೆ ಗೊತ್ತಿರುವ ಮಗ ಪ್ರತಿದಿನ ಹೂವಿನ ಚಿತ್ರ ಕಳಿಸುವ ಬದಲು, ಗುರುವಾರ ಹತ್ತು ಗಂಟೆಗೆ ಡಾಕ್ಟರ ಹತ್ತಿರ ಹೋಗ್ತೀಯಲ್ಲ, ಹನ್ನೆರಡಕ್ಕೆ ಫೋನ್ ಮಾಡ್ತೀನಿ ಎಂದು ಒಂದು ಸಾಲು ಬರೆದರೆ ಅದೇ ನಿಜವಾದ ಧೈರ್ಯದ ಮಾತು.

ಇದನ್ನು ಮನೆಯಿಂದ ಆಚೆಗೂ ಒಯ್ಯಬಹುದು. ಪಶ್ಚಿಮ ಕೆನ್ಯಾದಲ್ಲಿ ಎಸ್ತರ್ ಡುಫ್ಲೊ, ಮೈಕಲ್ ಕ್ರೆಮರ್, ಜೊನಾಥನ್ ರಾಬಿನ್ಸನ್ ಅವರು ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸುಗ್ಗಿ ಮುಗಿದ ಕೂಡಲೇ ರೈತರ ಬಳಿಗೆ ಹೋಗಿ, ಈಗಲೇ ದುಡ್ಡು ಕಟ್ಟಿದರೆ ಗೊಬ್ಬರವನ್ನು ಉಚಿತವಾಗಿ ಮನೆಗೆ ತಲುಪಿಸುತ್ತೇವೆ ಎಂದರು. ಗೊಬ್ಬರ ಬಳಕೆಯಲ್ಲಿ ಆದ ಏರಿಕೆ ಶೇ 47ರಿಂದ 70ರಷ್ಟಿತ್ತು. ಆಮೇಲೆ ಗೊಬ್ಬರ ಹಾಕುವ ಹೊತ್ತಿಗೆ ಬೆಲೆಯನ್ನು ಅರ್ಧಕ್ಕಿಳಿಸಿದರೂ ಇಷ್ಟು ಪರಿಣಾಮವಾಗಲಿಲ್ಲ. ನಮ್ಮಲ್ಲಿ ಬೀಜ, ಗೊಬ್ಬರ, ಮಕ್ಕಳ ಶಾಲೆಯ ಶುಲ್ಕ, ಸಮವಸ್ತ್ರ ಎಲ್ಲವೂ ಜೂನಿನಲ್ಲಿ ಒಟ್ಟಿಗೆ ಬಂದು ಮೇಲೆ ಬೀಳುತ್ತವೆ. ಕಲಬುರಗಿಯ ತೊಗರಿ ಬೆಳೆಗಾರನಿಗೆ ಹಣ ಬರುವುದು ಅದಕ್ಕೆ ನಾಲ್ಕೈದು ತಿಂಗಳ ಮುಂಚೆ, ಆಗ ಅವನನ್ನು ಮುಂಗಾರಿನ ಬಗ್ಗೆ ಕೇಳುವವರೇ ಇಲ್ಲ. ಊರಿನ ಕೃಷಿ ಪತ್ತಿನ ಸಹಕಾರ ಸಂಘ ಫೆಬ್ರುವರಿಯಲ್ಲೇ ಒಂದು ವಹಿ ತೆರೆದು, ಮುಂಗಾರಿಗೆ ಎಷ್ಟು ಚೀಲ, ಯಾವ ಬೀಜ ಎಂದು ಬರೆದುಕೊಂಡು, ಆಗಲೇ ಕಟ್ಟಿದವರಿಗೆ ಮನೆ ಬಾಗಿಲಿಗೆ ತಲುಪಿಸುವ ಏರ್ಪಾಡು ಮಾಡಬಹುದು. ಅದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಸಬ್ಸಿಡಿಯೂ ಬೇಕಿಲ್ಲ. ಬರುವ ಫೆಬ್ರುವರಿಯ ಆಡಳಿತ ಮಂಡಳಿ ಸಭೆಯಲ್ಲಿ ಒಬ್ಬ ನಿರ್ದೇಶಕರು ಈ ವಿಷಯ ಎತ್ತಿದರೆ ಸಾಕು.